ಓಖ್ಲಾದ ರಸ್ತೆಯಲ್ಲಿ ಒಂಬತ್ತು ಅಡಿಯ ಗಾಳದ ಕೋಲು

೨೦೦೫ರ ಕೊನೆಯ ತಿಂಗಳುಗಳು. ದೆಹಲಿಯ ಓಖ್ಲಾ ಕೈಗಾರಿಕಾ ಪ್ರದೇಶದ ಒಂದು ರಫ್ತು ಕಾರ್ಖಾನೆಯಲ್ಲಿ ನಾನು ಸೀನಿಯರ್ ಮರ್ಚಂಡೈಸರ್ ಆಗಿದ್ದೆ. ವಿದೇಶದ ಗಿರಾಕಿ, ಅಂದರೆ ಬಯ್ಯರ್, ಕೇಳಿದ್ದನ್ನು ಹೊಲಿಗೆಯವರಿಗೆ ಅರ್ಥವಾಗುವಂತೆ ಹೇಳಿ, ಸ್ಯಾಂಪಲ್ ಮಾಡಿಸಿ, ಆರ್ಡರ್ ಹಿಡಿಯುವುದು ಮರ್ಚಂಡೈಸರ್ ಕೆಲಸ. ಎರಡೂ ಕಡೆಯ ಬೈಗುಳ ತಿನ್ನುವುದೂ ಅದರಲ್ಲೇ ಸೇರಿದೆ.

ನಮ್ಮದು ಮುಖ್ಯವಾಗಿ ಸಿದ್ಧ ಉಡುಪಿನ ಕಾರ್ಖಾನೆ. ಮೇಲಿನ ಮಹಡಿಯಲ್ಲಿ ಇಪ್ಪತ್ತೆರಡು ಹೆಂಗಸರ ಬ್ಯಾಗ್ ವಿಭಾಗವೊಂದಿತ್ತು. ಆ ವರ್ಷ ಬ್ಯಾಗಿನ ಆರ್ಡರ್ ನಿಂತೇಹೋಗಿತ್ತು. ಹೊಸದು ಬರದಿದ್ದರೆ ಜನವರಿ ಕೊನೆಗೆ ವಿಭಾಗ ಮುಚ್ಚುವುದಾಗಿ ಮಾಲೀಕ ಚೋಪ್ರಾ ಸಾಹೇಬರು ಹೇಳಿಬಿಟ್ಟಿದ್ದರು. ಆ ಹೆಂಗಸರನ್ನು ಕೆಲಸಕ್ಕೆ ಸೇರಿಸಿಕೊಂಡವಳು ನಾನು. ಅವರನ್ನು ಮನೆಗೆ ಕಳಿಸುವ ಮಾತು ಕೇಳಿದ ಮೇಲೆ ನನಗೆ ಊಟವೇ ಸೇರುತ್ತಿರಲಿಲ್ಲ.

ಉಳಿದಿದ್ದ ಆಸೆ ಸ್ಕಾಟ್ಲೆಂಡಿನ ಬಯ್ಯರ್ ಮೋರಾಗ್ ಒಬ್ಬರೇ. ಅವರದು ಫ್ಲೈ ಫಿಶಿಂಗ್ ಸಾಮಾನಿನ ಅಂಗಡಿ. ಪುಕ್ಕ ಸುತ್ತಿ ಹುಳುವಿನಂತೆ ಕಾಣಿಸುವ ಕೊಕ್ಕೆಯನ್ನು ಹೊಳೆಯ ಮೇಲೆ ಬೀಸಿ ಮೀನು ಹಿಡಿಯುವ ಕ್ರಮ ಅದು. ಅದರ ಕೋಲು, ಅಂದರೆ ರಾಡ್, ನಾಲ್ಕು ತುಂಡಿನದು. ತುಂಡು ಜೋಡಿಸಿ, ದಾರವನ್ನು ಸಣ್ಣ ಸಣ್ಣ ಉಂಗುರಗಳಲ್ಲಿ ತೂರಿಸಿ, ಕೊಕ್ಕೆ ಕಟ್ಟುವಷ್ಟರಲ್ಲಿ ಚಳಿಗೆ ಬೆರಳು ಮರಗಟ್ಟುತ್ತವಂತೆ. ಹೊಳೆಯ ಒಂದು ಜಾಗದಿಂದ ಇನ್ನೊಂದಕ್ಕೆ ಹೋಗುವಾಗ ಇದನ್ನೆಲ್ಲ ಬಿಚ್ಚಿ ಮತ್ತೆ ಕಟ್ಟುವ ತಾಪತ್ರಯ ಯಾರಿಗೆ ಬೇಕು? ಜೋಡಿಸಿದ ರಾಡ್‌ಗಳನ್ನು ಹಾಗೆಯೇ ಗಾಡಿಯೊಳಗೆ, ತಲೆಯ ಮೇಲೆ, ಚಾವಣಿಗೆ ತೂಗುಹಾಕಿ ಒಯ್ಯಲು ಎರಡು ಪಟ್ಟಿಗಳನ್ನು ಮಾಡಿಕೊಡಿ ಎಂದು ಅವರು ಕೇಳಿದ್ದರು. ಹಿಂದಿನ ಪಟ್ಟಿ ಹಿಡಿಕೆಯ ಕಡೆಗೆ, ಮುಂದಿನದು ತುದಿಯ ಕಡೆಗೆ.

ಸ್ಯಾಂಪಲ್‌ಗೆ ಮೊದಲು ಒಂದು ರಾಡ್ ತರಿಸೋಣ ಎಂದೆ. "ಪೈಪ್ ತೋ ಪೈಪ್ ಹೋತಾ ಹೈ, ಮೇಡಂ, ಯಾವುದಾದರೇನು," ಎಂದು ಚೋಪ್ರಾ ಸಾಹೇಬರು ವೈರಿಂಗಿನ ಪ್ಲಾಸ್ಟಿಕ್ ಪೈಪನ್ನೇ ಒಂಬತ್ತು ಅಡಿಗೆ ಕತ್ತರಿಸಿ ಕೊಟ್ಟರು. ರಫ್ತಿನವರಿಗೆ ಒಂದೇ ಭಯ, ಹೊಲಿಗೆ ಬಿಟ್ಟುಹೋದರೆ ಮಾಲು ವಾಪಸ್ ಬರುತ್ತದೆಂದು. ಹಾಗಾಗಿ ಎರಡೂ ಪಟ್ಟಿಗೆ ಒತ್ತಿದರೆ ಅಂಟಿಕೊಳ್ಳುವ ವೆಲ್ಕ್ರೋ ಹಾಕಿ, ಪೈಪು ಮಿಸುಕಾಡದಂತೆ ಬಿಗಿದೆವು. ಪೈಪಿಗೇನೂ ಆಗಲಿಲ್ಲ, ಪಟ್ಟಿಗಳನ್ನು ಮೋರಾಗ್ ಅವರಿಗೆ ಕಳಿಸಿದೆವು. ಸ್ಕಾಟ್ಲೆಂಡಿನ ಗುಡ್ಡದ ರಸ್ತೆಯಲ್ಲಿ ಮಾತ್ರ ಮೊದಲ ದಿನವೇ ಎರಡು ರಾಡ್‌ಗಳ ತುದಿ ಮುರಿದವು. ಜನವರಿಯಲ್ಲಿ ದೆಹಲಿಗೆ ಬರುತ್ತೇನೆ, ಆಗಲೂ ಸರಿಯಾಗದಿದ್ದರೆ ಬೇರೆಯವರ ಹತ್ತಿರ ಹೋಗುತ್ತೇನೆ ಎಂದು ಮೋರಾಗ್ ಖಡಾಖಂಡಿತವಾಗಿ ಬರೆದರು.

ನನಗೆ ಸಿಟ್ಟು ನೆತ್ತಿಗೇರಿತು. ಯಾರನ್ನೂ ಕೇಳದೆ ಅವರಿಗೆ ಫೋನ್ ಮಾಡಿದೆ. "ನಿಮ್ಮ ಹಳೆಯ ರಾಡ್ ನಾಲ್ಕು ಕಳಿಸಿ. ನೋಡದ ವಸ್ತುವಿಗೆ ನಾವು ಹೇಗೆ ಹೊಲಿಯುವುದು?" ಆ ಕಡೆಯಿಂದ ಮೋರಾಗ್, "ಇಷ್ಟು ವರ್ಷದಲ್ಲಿ ಯಾವ ಸಪ್ಲೈಯರೂ ಇದನ್ನು ಕೇಳಿರಲಿಲ್ಲ," ಎಂದರು. ಮುಂದಿನ ವಾರ ಕೊರಿಯರ್‌ನಲ್ಲಿ ರಾಡ್‌ಗಳು ಬಂದವು. ಹಿಡಿಕೆಯ ಕಡೆ ದಪ್ಪ, ತುದಿ ಮಾತ್ರ ಕಡ್ಡಿಯಷ್ಟು ಸಣ್ಣ, ಮುಟ್ಟಿದರೆ ಬಳುಕುವಂಥದ್ದು.

ಒಂದನ್ನು ಸರೋಜಿನಿ ನಗರದ ನಮ್ಮ ಸರ್ಕಾರಿ ಕ್ವಾರ್ಟರ್ಸಿಗೂ ಒಯ್ದೆ. ಬಾಗಿಲಿನಿಂದ ಅಡುಗೆಮನೆಯವರೆಗೆ ಚಾಚಿಕೊಂಡಿದ್ದ ಅದನ್ನು ನನ್ನ ಗಂಡ ದಾಟಿ ದಾಟಿ ಓಡಾಡಿದರು. "ಮನೇಲಿ ಮೊಟ್ಟೆ ಒಡೆಯೋಕೂ ಬಿಡದವಳು, ಮೀನಿನ ಗಾಳಕ್ಕೆ ತೊಟ್ಟಿಲು ಕಟ್ತಿದೀಯಲ್ಲೇ!"

"ಕಟ್ತೀನಿ ರೀ. ನೀವು ಆ ಮೇಥಿ ಸೊಪ್ಪು ಬಿಡಿಸಿ," ಎಂದೆ.

ಮರುದಿನ ರಾಡ್‌ಗಳನ್ನು ದಾರ, ಕೊಕ್ಕೆ ಸಮೇತ ಜೋಡಿಸಿ ಕಾರ್ಖಾನೆಯ ವ್ಯಾನಿನ ಚಾವಣಿಗೆ ಹಳೆಯ ಪಟ್ಟಿಗಳಿಂದಲೇ ಕಟ್ಟಿದೆವು. ನಾನು ಸ್ಟಿಯರಿಂಗ್ ಹಿಡಿದೆ. ನಮ್ಮ ಕಟಿಂಗ್ ಮಾಸ್ಟರ್ ರಫೀಕ್ ಹಿಂದಿನ ಸೀಟಿನಲ್ಲಿ ಕತ್ತೆತ್ತಿ ಕುಳಿತರು. ಮೊದಲ ಸ್ಪೀಡ್ ಬ್ರೇಕರ್ ಹಾರುತ್ತಿದ್ದಂತೆ ಅವರು ಕೂಗಿದರು: "ರೋಕಿಯೇ, ನಿಲ್ಲಿಸಿ ಮೇಡಂ! ತುದಿ ಕುಣೀಬೇಕು ಅನ್ನುತ್ತೆ, ನಮ್ಮ ಪಟ್ಟಿ ಕತ್ತು ಹಿಡಿದಿದೆ." ಅಷ್ಟರಲ್ಲಿ ತುದಿಯಿಂದ ಜೋತುಬಿದ್ದ ಒಂದು ಕೊಕ್ಕೆ ನನ್ನ ದುಪಟ್ಟಾಕ್ಕೆ ಸಿಕ್ಕಿಕೊಂಡಿತ್ತು. ಅದನ್ನು ಬಿಡಿಸುತ್ತ ಕುಳಿತಾಗ ಕೈಗೆ ತಾಗಿದ್ದು ಸಲ್ವಾರಿನ ಲಾಡಿ. ನೇಫೆಯೊಳಗೆ, ಅಂದರೆ ಲಾಡಿ ತೂರಿಸಲು ಸೊಂಟದಲ್ಲಿ ಮಡಿಸಿ ಹೊಲಿದ ಕೊಳವೆಯೊಳಗೆ, ಲಾಡಿ ಎತ್ತ ಬೇಕಾದರೂ ಜಾರುತ್ತದೆ, ಆದರೆ ಆಚೆ ಬರುವುದಿಲ್ಲ. "ಮಾಸ್ಟರ್‌ಜೀ, ಹಿಂದಿನದು ಬಿಗಿಯಾಗೇ ಇರಲಿ. ಮುಂದಿನದಕ್ಕೆ ವೆಲ್ಕ್ರೋ ಬೇಡ, ನೇಫೆ ಹೊಲಿಯೋಣ," ಎಂದೆ. ಮಾಸ್ಟರ್ ತೊಡೆ ತಟ್ಟಿಕೊಂಡು ನಕ್ಕರು.

ಬ್ಯಾಗ್ ವಿಭಾಗದ ಹೆಂಗಸರು ಮೆತ್ತನೆಯ ಜಾಲರಿ ಬಟ್ಟೆಯಲ್ಲಿ ಪ್ರತಿ ರಾಡ್‌ಗೆ ಒಂದರಂತೆ ಸಡಿಲ ನೇಫೆ ಹೊಲಿದರು. ಎಲಾಸ್ಟಿಕ್ ಎಷ್ಟಿರಬೇಕೆಂದು ಅವರಲ್ಲೇ ಜಗಳವಾಯಿತು. ಎಳೆದು ನೋಡಿ, ಬಿಚ್ಚಿ, ಮತ್ತೆ ಹೊಲಿದರು. ಕೊಕ್ಕೆಗಳು ಯಾರ ತಲೆಗೂದಲಿಗೂ ಸಿಗದಂತೆ ಹಿಡಿಕೆಯ ಬಳಿ ಒಂದು ಮುಚ್ಚಳ ಸೇರಿಸಿದವರೂ ಅವರೇ. ರಾಡ್ ತೂಗುಹಾಕಿಕೊಂಡು ವ್ಯಾನಿನಲ್ಲಿ ಪಕ್ಕದ ಊರು ಫರೀದಾಬಾದಿಗೆ ಹೋಗಿ ಬಂದೆವು; ಒಂದು ತುದಿಯೂ ಮುರಿಯಲಿಲ್ಲ.

ಮೋರಾಗ್ ಬಂದರು. ಅರವತ್ತು ದಾಟಿದ, ಗಟ್ಟಿಮುಟ್ಟಾದ ಹೆಂಗಸು. ಚೋಪ್ರಾ ಸಾಹೇಬರು ಚಹಾ, ಸಮೋಸ, ಎಸಿ ಕೋಣೆ ಎಲ್ಲ ಸಜ್ಜು ಮಾಡಿದ್ದರು. ನಾನು ವ್ಯಾನಿನ ಬಾಗಿಲು ತೆರೆದು, "ಮೊದಲು ಇಲ್ಲಿ ಕೂರಿ," ಎಂದೆ. ಸಾಹೇಬರ ಮುಖ ಸಪ್ಪಗಾಯಿತು. ನಾಲ್ಕು ರಾಡ್‌ಗಳು ನಮ್ಮ ತಲೆಯ ಮೇಲೆ ತೂಗುತ್ತಿದ್ದವು. ಹೊಂಡ, ಉಬ್ಬು, ಅಗೆದ ರಸ್ತೆ, ದೆಹಲಿ ಏನನ್ನೂ ಕಡಿಮೆ ಮಾಡಲಿಲ್ಲ. ಮಥುರಾ ರಸ್ತೆಯಲ್ಲಿ ಬಸ್ಸೊಂದು ಸಿಗ್ನಲ್ ಕೊಡದೆ ನಮ್ಮ ಮುಂದೆ ನುಗ್ಗಿತು. ನಾನು ಬಲವಾಗಿ ಬ್ರೇಕ್ ತುಳಿದೆ. ನಾಲ್ಕೂ ತುದಿಗಳು ಗಾಜಿನ ಕಡೆಗೆ ಚಿಮ್ಮಿ, ತಲೆದೂಗಿ, ಮೆಲ್ಲಗೆ ಸ್ವಸ್ಥಾನಕ್ಕೆ ಬಂದವು.

"ಇನ್ನೊಂದು ಸಲ ಬ್ರೇಕ್ ಹಾಕಿ," ಎಂದರು ಮೋರಾಗ್.

ರಸ್ತೆ ಖಾಲಿಯಿದ್ದ ಕಡೆ ಹಾಕಿದೆ. ಮತ್ತೊಂದು ಸಲ ಎಂದರು, ಮತ್ತೊಂದು ಸಲ ಹಾಕಿದೆ. ಆಮೇಲೆ ಅವರು ಚಿಕ್ಕ ಹುಡುಗಿಯಂತೆ ಕೇಕೆ ಹಾಕಿ ನಗತೊಡಗಿದರು.

ಕಾರ್ಖಾನೆಯ ಮುಂದೆ ವ್ಯಾನ್ ನಿಲ್ಲಿಸಿದ್ದೇ ಅವರು ಹಿಂದಿನ ಬಾಗಿಲು ತೆರೆದು, ಹಿಂದಿನ ಪಟ್ಟಿ ಬಿಚ್ಚಿ, ಒಂದು ರಾಡನ್ನು ಸರ್ರನೆ ಎಳೆದುಕೊಂಡು ಓಖ್ಲಾದ ಆ ಗಲ್ಲಿಯಲ್ಲೇ ದಾರ ಬೀಸಿದರು. ನಿಂತ ಲಾರಿಗಳ ನಡುವೆ ಅದು ಗಾಳಿಯಲ್ಲಿ ಉದ್ದಕ್ಕೆ ಬಿಚ್ಚಿಕೊಂಡು ಹೋಗಿ ಚಹಾ ಗಾಡಿಯ ಈಚೆ ಮೆತ್ತಗೆ ಇಳಿಯಿತು. ಚಹಾದ ಭಯ್ಯಾ ಲೋಟ ಹಿಡಿದು ಹಾಗೇ ನಿಂತ. ಮೇಲಿನ ಕಿಟಕಿಗಳಲ್ಲಿ ನಮ್ಮ ಹೆಂಗಸರು ಜೋರಾಗಿ ಚಪ್ಪಾಳೆ ಹೊಡೆದರು.

"ಯಾರು ಹೊಲಿದದ್ದು?" ಎಂದು ಮೋರಾಗ್ ಕೇಳಿದರು. ನಾನು ಕಿಟಕಿಗಳ ಕಡೆ ಕೈ ತೋರಿಸಿದೆ. ಅವರು ಎಸಿ ಕೋಣೆ ಬಿಟ್ಟು ನೇರ ಮೇಲಿನ ಮಹಡಿ ಹತ್ತಿ, ಮೂರು ವರ್ಷದ ಆರ್ಡರನ್ನು ಅಲ್ಲಿಯೇ, ಹೊಲಿಗೆ ಮೆಷಿನ್ನುಗಳ ನಡುವೆ ನಿಂತು ಹೇಳಿದರು. ನಾನು ಅದನ್ನು ಹೆಂಗಸರಿಗೆ ಹಿಂದಿಯಲ್ಲಿ ಹೇಳಿದೆ. ಚೋಪ್ರಾ ಸಾಹೇಬರು ನನ್ನತ್ತ ನೋಡಿ, "ಚಲೋ ಮೇಡಂ, ಇನ್ನೂ ಹತ್ತು ಜನ ಬೇಕಾಗುತ್ತೆ, ಹುಡುಕಿ," ಎಂದರು.

ನಿವೃತ್ತಿಯವರೆಗೂ ಆ ಕಾರ್ಖಾನೆಯಲ್ಲಿ ಎಷ್ಟೋ ಆರ್ಡರ್ ಹಿಡಿದೆ. ಬಿಗಿಯಾಗಿ ಹಿಡಿದದ್ದೆಲ್ಲ ಭದ್ರವಲ್ಲ ಎಂಬುದನ್ನು ನನಗೆ ಕಲಿಸಿದ್ದು ಆ ರಾಡ್‌ಗಳು. ವಸ್ತುವನ್ನು ಕೈಯಲ್ಲಿ ಹಿಡಿದು, ಅದು ಎಲ್ಲಿ ಅಲುಗಾಡಲು ಬಯಸುತ್ತದೆಂದು ನೋಡದೆ ಆಮೇಲೆ ನಾನು ಒಂದು ಚೀಲವನ್ನೂ ಹೊಲಿಸಲಿಲ್ಲ. ಆ ವಿಭಾಗದಲ್ಲಿ ಈಗಲೂ ಮೆಷಿನ್ನುಗಳು ಓಡುತ್ತಿವೆ.