ಮುತ್ಯಾನ ಚಿಲುಮೆಯ ಮೊದಲ ದಮ್ಮು

ನಿಜಾಮರ ಕಾಲದ ಆ ದಿನಗಳಲ್ಲಿ ಅಪ್ಪನ ಅಪ್ಪ ಮುತ್ಯಾ ಕೆಮ್ಮಿದರೇನೇ ಭಾಲ್ಕಿಯ ನಮ್ಮ ಮನೆಗೆ ಬೆಳಗು. ಅವ್ವ ಒಲೆ ಹಚ್ಚಿದ ಸುಳಿವು ಸಿಕ್ಕಿತೋ ಇಲ್ಲವೋ, ಕಟ್ಟೆಯ ಮೇಲಿಂದ ಕೂಗುತ್ತಿದ್ದ: "ಶಿವ್ಯಾ, ಚಿಲುಮಿ ಹೊತ್ತಿಸ್ಕೊಂಡ ಬಾರಲೇ!"

ಶಿವ್ಯಾ ಎಂದರೆ ನನ್ನ ಅಣ್ಣ ಶಿವರಾಯ. ಮಣ್ಣಿನ ಚಿಲುಮೆಗೆ ತಂಬಾಕು ತುಂಬಿ, ಮೇಲೆ ಒಲೆಯ ಕೆಂಡವಿಟ್ಟು, ಕೆಳಗೆ ಒದ್ದೆ ಬಟ್ಟೆ ಸುತ್ತಿ ಜೋರಾಗಿ ಎಳೆದರೆ ಮಾತ್ರ ಅದು ಹೊತ್ತುತ್ತಿತ್ತು. ಮುತ್ಯಾನ ಎದೆಯಲ್ಲಿ ಅಷ್ಟು ಕಸುವು ಉಳಿದಿರಲಿಲ್ಲ, ಹಾಗಾಗಿ ಮೊದಲ ದಮ್ಮು ಮೊಮ್ಮಗನದು. ಓಣಿಯ ಮನೆಮನೆಯಲ್ಲೂ ಇದೇ ರಿವಾಜು. ಹುಡುಗ ಹೊಗೆ ನುಂಗುತ್ತಿದ್ದಾನೆ ಎಂದು ಯಾರಿಗೂ ಅನಿಸುತ್ತಿರಲಿಲ್ಲ, ಹಿರಿಯರ ಸೇವೆ ಮಾಡುತ್ತಿದ್ದಾನೆ ಎನ್ನುತ್ತಿದ್ದರು. ಎಂಥ ಸೇವೆಯೋ! ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ಅಣ್ಣ ಓಣಿಗೆಲ್ಲ ಬೇಕಾದವನು. ಬಾವಿಯಲ್ಲಿ ಯಾರ ಕೊಡ ಬಿದ್ದರೂ ಅವನಿಗೇ ಕರೆ. ಧುಮುಕಿದರೆ ಒಂದು ಕೈಯಲ್ಲಿ ಕೊಡ, ಇನ್ನೊಂದರಲ್ಲಿ ತಳದ ಕೆಸರು ಹಿಡಿದೇ ಮೇಲೆ ಬರುತ್ತಿದ್ದ. ಮೆಟ್ಟಿಲ ಮೇಲೆ ಅವನ ಅಂಗಿ ಕಾಯುತ್ತ ಕೂತ ನನ್ನ ಮೂಗಿಗೆ ಆ ಕೆಸರು ಒರೆಸಿ ನಗುತ್ತಿದ್ದ. ಕೆಸರಿನ ವಾಸನೆಯ ಕೆಳಗೆ ಅವನ ಬೆರಳಿನ ತಂಬಾಕಿನ ಘಾಟು ಇದ್ದೇ ಇರುತ್ತಿತ್ತು. ಕೊಡ ಕಳೆದುಕೊಂಡವರು ಕೊಟ್ಟ ರೊಟ್ಟಿ, ನೆಂಚಿಕೊಳ್ಳುವ ಶೇಂಗಾ ಹಿಂಡಿಯನ್ನು ಇಬ್ಬರೂ ಅಲ್ಲೇ ಕೂತು ತಿನ್ನುತ್ತಿದ್ದೆವು.

ಆ ಬೇಸಿಗೆಯಲ್ಲಿ ನೆರೆಮನೆಯ ಗಂಗವ್ವ ಚಿಗವ್ವನ ತಾಮ್ರದ ಕೊಡ ಬಿತ್ತು. ಅಣ್ಣ ಧುಮುಕಿ ಬರಿಗೈಯಲ್ಲಿ ಬಂದ. ಮತ್ತೆ ಹೋದವನು ಅರ್ಧದಿಂದಲೇ ತಿರುಗಿ, ಮೆಟ್ಟಿಲು ಹಿಡಿದು ಕೆಮ್ಮತೊಡಗಿದ. ಕಣ್ಣು ಮುಚ್ಚಿ ಕೇಳಿದರೆ ಮುತ್ಯಾನೇ ಕೆಮ್ಮುತ್ತಿದ್ದಾನೆ ಅನ್ನಬೇಕು.

"ಏನಾಗ್ಯಾದೋ ನಿನಗ?" ಎಂದಳು ಚಿಗವ್ವ.

"ಉಸುರ ಸಾಲವಲ್ದು, ಚಿಗವ್ವಾ."

ಸುದ್ದಿ ಮನೆ ಮುಟ್ಟಿತು. ಅಪ್ಪ ಅಣ್ಣನ ಬಾಯಿ ಮೂಸಿ ಬಾರುಕೋಲು ತೆಗೆದ. "ಬೀಡಿ ಸೇದ್ಲಾಕ ಕಲ್ತೀ ಏನ್ಲೇ, ಖೋಡಿ?" ಹುಣಸೆಮರದ ಹಿಂದೆ ಗೆಳೆಯರ ಜೊತೆ ಅಣ್ಣ ಬೀಡಿ ಸೇದುತ್ತಿದ್ದುದೂ ನಿಜವೇ. ಆದರೆ ರುಚಿ ಹಚ್ಚಿದವರು ಯಾರು? ಅದನ್ನು ಕೇಳುವವರಿರಲಿಲ್ಲ.

ಬಿಡಿಸಲು ಬಂದವನು ಮುತ್ಯಾ. "ಹೊಡೀಬ್ಯಾಡೋ. ಎದಿಗಿ ಥಂಡಿ ಬಡದಾದ. ಚಿಲುಮಿ ಇನ್ನೆರಡ ದಮ್ ಜಾಸ್ತಿ ಎಳೀಲಿ, ಕಫ ಕರಗಿ ಹೋಗ್ತದ."

"ಅದೂ ಖರೇ ಅದರಿ," ಎಂದ ಅಪ್ಪ. ಬಾರುಕೋಲನ್ನು ಗೂಟಕ್ಕೆ ಸಿಕ್ಕಿಸಿ, ಆಗಷ್ಟೇ ಹೊಡೆದ ಮಗನ ಕೈಗೆ ತಾನೇ ಚಿಲುಮೆ ಕೊಟ್ಟ!

ಮಾವನ ಎದುರು ಬಾಯಿ ತೆರೆಯದ ಅವ್ವ ಒಳಗೆ ರೊಟ್ಟಿಯನ್ನು ಹರಿಯುವಂತೆ ಬಡಿಯುತ್ತಿದ್ದಳು. "ಕೊಡ ಬಾವಿಗಿ ಬಿತ್ತು. ಇವರ ಬುದ್ಧಿ ಎಲ್ಲಿ ಬಿತ್ತೋ!"

ಚಿಗವ್ವನ ಕೊಡವನ್ನು ಮರುದಿನ ಕಬ್ಬಿಣದ ಕೊಕ್ಕೆಗಳ ಪಾತಾಳಗರಡಿ ಬಿಟ್ಟು ತೆಗೆದರು. ಆಮೇಲೆ ಅಣ್ಣನನ್ನು ಯಾರೂ ಬಾವಿಗೆ ಕರೆಯಲಿಲ್ಲ. ಮುತ್ಯಾ ಮಾತ್ರ ಚಿಲುಮೆಗೆ ದಿನಾ ಕರೆಯುತ್ತಿದ್ದ.

ನಿಜಾಮರು ಹೋದರು, ಮುತ್ಯಾ ಹೋದ, ಬಾವಿ ಹೂಳು ತುಂಬಿತು. ನಾನು ಮದುವೆಯಾಗಿ ಔರಾದ ಸೇರಿ ಮುದುಕಿಯಾದೆ. ಮೊನ್ನೆ ತವರಿಗೆ ಹೋದಾಗ ಮುತ್ಯಾ ಕೂಡುತ್ತಿದ್ದ ಕಟ್ಟೆಯ ಮೇಲೆ ಅಣ್ಣ ಕೂತಿದ್ದ. ಬಾವಿಯ ತಳ ಮುಟ್ಟಿ ಬರುತ್ತಿದ್ದವನು ಈಗ ಅಂಗಳ ದಾಟುವಷ್ಟರಲ್ಲಿ ಗೋಡೆ ಹಿಡಿದು ನಿಲ್ಲುತ್ತಾನೆ. ಬೀದರಿನ ಡಾಕ್ಟರು ಹೇಳಿ ಹೇಳಿ ಸೋತಿದ್ದಾರೆ. ಕಿಸೆಯಲ್ಲಿ ಕಡ್ಡಿಪೆಟ್ಟಿಗೆಯಿದೆ, ಎಳೆದು ಹೊತ್ತಿಸಲು ಉಸಿರಿಲ್ಲ. ನನ್ನೆದುರಿಗೇ ಮೊಮ್ಮಗನಿಗೆ ಬೀಡಿ ಚಾಚಿದ. "ಹೊತ್ತಿಸ್ಕೊಂಡ ಬಾರಲೇ."

ನಾನು ಬೀಡಿ ಕಸಿದು ಬಚ್ಚಲಿಗೆ ಎಸೆದೆ. "ನಿನಗ ಇನ್ನೂ ಬುದ್ಧಿ ಬರಲಿಲ್ಲೇನೋ, ಅಣ್ಣಾ?"

"ಹೊತ್ತಿಸಿದ್ರ ಏನಾತವ್ವ? ಅಂವೇನ ಸೇದಂಗಿಲ್ಲ," ಎಂದು ನಕ್ಕವನು ಕೆಮ್ಮಿಗೆ ಸಿಕ್ಕಿಕೊಂಡ.

ಹುಡುಗನನ್ನು ಹತ್ತಿರ ಎಳೆದು ಅವನ ಬೆರಳು ಮೂಸಿದೆ. ಬಾವಿಯ ಮೆಟ್ಟಿಲ ಮೇಲೆ ನನ್ನ ಮೂಗಿಗೆ ಹತ್ತುತ್ತಿದ್ದ ಅದೇ ಘಾಟು. ಕೆಸರಿನ ವಾಸನೆ ಮಾತ್ರ ಇರಲಿಲ್ಲ.