ಬಟ್ಟಿ ತಿಕ್ಕಿದ್ದು

ನಾನು ಮಾನ್ವಿಯ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ನನ್ನ ಹೆಂಡತಿಯ ಜೀವಕ್ಕೆ ಕುತ್ತು ತರುವಂಥ ತಪ್ಪನ್ನು ನಾನು ಮಾಡಿದ್ದು ಒಂದು ಕನ್ನಡ ಶಬ್ದದಲ್ಲಿ.

ಅವಳು ದೇವದುರ್ಗದ ತವರಿನಲ್ಲಿದ್ದಾಗ ಹೊಕ್ಕಳಿನ ಸುತ್ತ ನೋವು ಶುರುವಾಯಿತು. ನಾನೂ ಅಲ್ಲೇ ಇದ್ದೆ. "ಬಟ್ಟಿ ಸರದದ," ಎಂದರು ಅತ್ತೆ. ಹೊಕ್ಕಳ ಹತ್ತಿರ ಬೆರಳಿಗೆ ಸಿಗುವ ಬಡಿತ ಜಾಗ ಬಿಟ್ಟಿದೆ ಎಂಬುದಕ್ಕೆ ನಮ್ಮ ಕಡೆಯ ಮಾತು ಅದು. ಓಣಿಯವರೆಲ್ಲ ಬಟ್ಟಿಗೆ ಅತ್ತೆಯ ಹತ್ತಿರವೇ ಬರುತ್ತಾರೆ. ಮಗಳನ್ನು ಅಂಗಾತ ಮಲಗಿಸಿ, ಕೈಗೆ ಎಣ್ಣೆ ಹಚ್ಚಿಕೊಂಡು ಎರಡು ಸಲ ಹೊಟ್ಟೆ ತಿಕ್ಕಿದರು. ಸ್ವಲ್ಪ ಹೊತ್ತಿಗೆ ನೋವು ಒಮ್ಮೆಲೇ ನಿಂತಿತು. ಅವಳು ಎದ್ದು ಕುಳಿತು ಚಹಾ ಕುಡಿದಳು. ಅತ್ತೆ ನನ್ನ ಕಡೆ ನೋಡಿ ನಕ್ಕರು. ನಾನೂ ನಕ್ಕೆ.

ಮರುದಿನ ಬೆಳಿಗ್ಗೆ ಜ್ವರ ಬಂತು, ನೋವು ಬಲಗಡೆ ಕೆಳಕ್ಕೆ ಬಂದು ನಿಂತಿತು. ಅಪೆಂಡಿಕ್ಸ್ ಇರಬಹುದೆಂದು ದೇವದುರ್ಗದ ಡಾಕ್ಟರು ರಾಯಚೂರಿಗೆ ಕಳಿಸಿದರು.

ರಾಯಚೂರಿನ ಆಸ್ಪತ್ರೆಯಲ್ಲಿ ಆಗ ಒಂದು ಅಧ್ಯಯನ ನಡೆದಿತ್ತು. ಅಪೆಂಡಿಕ್ಸ್ ಬಾತವರಿಗೆಲ್ಲ ಆಪರೇಷನ್ ಬೇಕೇ, ಕೆಲವರಿಗೆ ಔಷಧಿಯಷ್ಟೇ ಸಾಕೇ ಎಂದು ನೋಡುವುದು. ಒಪ್ಪಿದವರಿಗೆ ಎರಡರಲ್ಲಿ ಯಾವುದು ಎಂಬುದನ್ನು ಮುಚ್ಚಿದ ಲಕೋಟೆ ತೀರ್ಮಾನಿಸುತ್ತಿತ್ತು. ಅಪೆಂಡಿಕ್ಸ್ ಒಡೆದ ಅನುಮಾನವಿದ್ದವರನ್ನು ಸೇರಿಸುತ್ತಿರಲಿಲ್ಲ, ಅವರಿಗೆ ಆಪರೇಷನ್ನೇ. ಸರ್ಜನ್ ಇದನ್ನೆಲ್ಲ ನಿಧಾನವಾಗಿ ಬಿಡಿಸಿ ಹೇಳಿದರು. ಮೊದಲ ಸ್ಕ್ಯಾನಿನಲ್ಲಿ ಒಡೆದದ್ದು ಕಂಡಿರಲಿಲ್ಲ. ಹೆಂಡತಿ ತಾನೇ ಸಹಿ ಹಾಕಿದಳು. ಪ್ರಶ್ನೆಗಳ ಹಾಳೆಯನ್ನು ನಾನು ತುಂಬಿದೆ.

"ಉದರಕ್ಕೆ ಮರ್ದನ ಮಾಡಲಾಗಿದೆಯೇ?" ಎಂದು ಅದರಲ್ಲಿ ಅಚ್ಚಾಗಿತ್ತು. ಇಲ್ಲ ಎಂದು ಬರೆದೆ. ಮುಚ್ಚಿಡಬೇಕೆಂದಲ್ಲ. ಮರ್ದನ ಎಂದರೆ ನನ್ನ ತಲೆಯಲ್ಲಿ ಮೈಕೈ ನೋವಿಗೆ ಮಾಡಿಸಿಕೊಳ್ಳುವಂಥದ್ದು. ಅತ್ತೆ ಮಾಡಿದ್ದು ಅದಲ್ಲ, ಬಟ್ಟಿ ತಿಕ್ಕಿದ್ದು.

ಲಕೋಟೆ ತೆರೆಯುವ ಮುಂಚೆ ಅಧ್ಯಯನದ ನರ್ಸ್ ಆ ಹಾಳೆ ಹಿಡಿದು ಬಂದರು. ನಮ್ಮ ಕಡೆಯ ಕಲ್ಲೂರಿನವರು. ನಾನು ಬರೆದದ್ದನ್ನು ಓದಿ, ನನ್ನನ್ನು ಬಿಟ್ಟು ಅತ್ತೆಯ ಕಡೆ ತಿರುಗಿದರು.

"ಯವ್ವಾ, ಹೊಟ್ಟಿ ಬ್ಯಾನಿ ಬಂದಾಗ ಬಟ್ಟಿ ಗಿಟ್ಟಿ ತಿಕ್ಕಿಸೀರೇನು?"

"ತಿಕ್ಕಿಸೋದ್ಯಾಕವ್ವಾ? ನಾನ ತಿಕ್ಕೀನಿ. ಎರಡ್ ಸಲ."

"ಆಮ್ಯಾಲೆ?"

"ಬ್ಯಾನಿ ಗಪ್ಪನ ನಿಂತಿತು ನೋಡು. ನನ್ನ ಕೈಗುಣ ಹಂಗದ."

ನರ್ಸ್ ನಗಲಿಲ್ಲ. "ಮಾಸ್ತರ್ರೀ, ನೀವು ಇಲ್ಲ ಅಂತ ಬರದೀರಲ್ರೀ?"

"ಅದು ಮರ್ದನ ಅಲ್ಲಲ್ರೀ..." ಎಂದೆ. ಹೇಳುತ್ತಿರುವಾಗಲೇ ಎರಡೂ ಒಂದೇ ಎಂದು ಹೊಳೆಯಿತು.

ಸರ್ಜನ್ ಬಂದರು. ನೋವು ಹಾಗೆ ಒಮ್ಮೆಲೇ ನಿಲ್ಲುವುದು ಒಡೆದದ್ದರ ಗುರುತೂ ಆಗಿರಬಹುದು ಎಂದರು. ಲಕೋಟೆ ತೆರೆಯಲಿಲ್ಲ. ಇನ್ನೊಂದು ಸ್ಕ್ಯಾನ್ ಮಾಡಿಸಿದರು. ಒಡೆದಿತ್ತು. ಮಧ್ಯಾಹ್ನವೇ ಆಪರೇಷನ್ ಮಾಡಿ, ಹೊಟ್ಟೆಯೊಳಗೆ ತುಂಬಿದ್ದ ಕೀವು ತೆಗೆದು ತೊಳೆದರು.

ಅತ್ತೆ ಬೆಂಚಿನ ಮೇಲೆ ಎರಡೂ ಅಂಗೈಗಳನ್ನು ಮಡಿಲಿಗೆ ಒತ್ತಿಕೊಂಡು ಕುಳಿತಿದ್ದರು. ಸರ್ಜನ್ ಹೊರಗೆ ಬಂದಾಗ, "ನನ್ನ ಕೈಲೆ ಒಡೀತೇನ್ರೀ?" ಎಂದು ಕೇಳಿದರು.

"ಅದನ್ನ ಹೇಳಾಕ ಬರಂಗಿಲ್ಲಮ್ಮಾ. ತಾನಾಗೇ ಒಡದಿರಬಹುದು. ಇನ್ನ ಮ್ಯಾಲೆ ಯಾರ ಹೊಟ್ಟೀನೂ ತಿಕ್ಕಬ್ಯಾಡ್ರಿ. ಆದ್ರ ನೀವು ಖರೇ ಹೇಳಿದ್ದಕ್ಕ ನಮಗ ತಿಳೀತು."

ಅವರು ಸಮಾಧಾನಕ್ಕೆಂದು ಏನನ್ನೂ ಸೇರಿಸಲಿಲ್ಲ, ಬೈಯಲೂ ಇಲ್ಲ. ಅದಕ್ಕಾಗಿ ಅವರನ್ನು ಇವತ್ತಿಗೂ ನೆನೆಯುತ್ತೇನೆ.

ಹೆಂಡತಿ ಅಧ್ಯಯನದಿಂದ ಹೊರಗುಳಿದಳು. ಆದರೂ ನರ್ಸ್ ದಿನಾ ಬಂದು ಮಾತಾಡಿಸಿ ಹೋಗುತ್ತಿದ್ದರು. ನಾವು ಹೊರಡುವ ದಿನ ಆ ಮರ್ದನದ ಪ್ರಶ್ನೆಗೆ ಬಟ್ಟಿ ತಿಕ್ಕಿಸುವುದನ್ನೂ ಸೇರಿಸಿ, ತಿದ್ದಿ ಬರೆದುಕೊಂಡು ಬಂದು ಅತ್ತೆಗೆ ಓದಿ ಹೇಳಿದರು.

"ಅಷ್ಟ ಸಾಲಂಗಿಲ್ಲವ್ವಾ," ಎಂದರು ಅತ್ತೆ. "ಕೆಲವ್ರು ಹೊಕ್ಕಳ ಮ್ಯಾಲ ದೀಪ ಇಟ್ಟು ತಂಬಗಿ ಬೋರಲ ಹಚ್ಚಸ್ತಾರ. ಅದನ್ನೂ ಬರಿ."

ಬರೆದುಕೊಂಡು ನರ್ಸ್ ಹಾಳೆಯನ್ನು ನನ್ನ ಕಡೆ ಚಾಚಿದರು. "ಕಾಗುಣಿತ ನೋಡ್ರಿ ಮಾಸ್ತರ್ರೀ."

"ಅವರ ಕೈಯಾಗ ಕೊಡಬ್ಯಾಡವ್ವಾ, ಯಾರಿಗೂ ತಿಳೀದಂಗ ಮಾಡಿಟ್ಟಾರು!" ಎಂದರು ಅತ್ತೆ.

ಹೆಂಡತಿ ಹೊಲಿಗೆಯ ಮೇಲೆ ಕೈಯಿಟ್ಟುಕೊಂಡು ನಕ್ಕಳು. ಆಸ್ಪತ್ರೆಯ ಮೆಟ್ಟಿಲುಗಳನ್ನು ನನ್ನ ಭುಜ ಹಿಡಿದು ಒಂದೊಂದಾಗಿ ಇಳಿದಳು. ಆಟೋ ಹತ್ತಿದವಳು ಮುಂದಕ್ಕೆ ಬಗ್ಗಿ, "ಯಪ್ಪಾ, ಸಾವಕಾಶ ಹೊಡಿ. ಹೊಲಿಗಿ ಇನ್ನಾ ಹಸಿ ಅದಾವ," ಎಂದು ಆಟೋದವನಿಗೆ ತಾನೇ ಹೇಳಿದಳು.