ಕರುಣಾ ಟೈಪ್ ಮಾಡಿದ ಎರಡು ಕಾಗದ

ಬೆಳಗಿನ ಆರೂವರೆ. ಜಡೆ ಕಡೆಯಿಂದ ಬಂದ ಬಸ್ಸು ಸೊರಬದ ನಿಲ್ದಾಣದಲ್ಲಿ ನಿಂತಿದೆ. ಇಳಿದ ಗಂಡ ಹೆಂಡತಿ ಸೀದಾ ಎದುರು ಸಾಲಿನ ಸಣ್ಣ ಮಳಿಗೆಗೆ ಬರುತ್ತಾರೆ. ಪಹಣಿಯಲ್ಲಿ ತಂದೆಯ ಹೆಸರು ತಪ್ಪಾಗಿದೆ, ತಹಶೀಲ್ದಾರರಿಗೆ ಅರ್ಜಿ ಬೇಕು. "ತಪ್ಪು ಹೆಸರೂ ಹೇಳ್ರೀ, ಸರಿ ಹೆಸರೂ ಹೇಳ್ರೀ. ಎರಡೂ ಬರೀಬೇಕು," ಎನ್ನುತ್ತಾರೆ ಕರುಣಾ. ಕಣ್ಣು ಬಂದವರ ಮುಖದ ಮೇಲೆ, ಬೆರಳು ಕೀಲಿಮಣೆಯ ಮೇಲೆ.

ಐವತ್ತನಾಲ್ಕು ವರ್ಷದ ಕರುಣಾ ದಿನಕ್ಕೆ ಮೂವತ್ತು ಪುಟ ಟೈಪ್ ಮಾಡುತ್ತಾರೆ, ಸೋಮವಾರ ನಲವತ್ತು. ಕರೆಂಟು ಹೋದರೆ ಮೂಲೆಯ ಹಳೆಯ ಟೈಪ್‌ರೈಟರ್ ಮುಂದಕ್ಕೆ ಬರುತ್ತದೆ. ಬಲಗೈ ಮಣಿಕಟ್ಟಿಗೆ ಯಾವಾಗಲೂ ಪಟ್ಟಿ ಸುತ್ತಿರುತ್ತದೆ. ಇಷ್ಟು ವರ್ಷ ಅವರದು ಒಂದೇ ನೇಮ: "ಟೈಪಿಸ್ಟಿಗೆ ಸ್ವಂತ ಮಾತು ಇರಬಾರ್ದು. ಕೊಟ್ಟಿದ್ದನ್ನ ಕೊಟ್ಟ ಹಾಗೆ ಹೊಡೀಬೇಕು."

ಆ ನೇಮ ಕಲಿತದ್ದು ವಿಶ್ವವಿದ್ಯಾಲಯವೊಂದರ ಕಾನೂನು ವಿಭಾಗದಲ್ಲಿ. ಮೂವತ್ತು ವರ್ಷದ ಹಿಂದೆ ಅಲ್ಲಿ ಅವರು ತಾತ್ಕಾಲಿಕ ಟೈಪಿಸ್ಟ್. ಶಿಕಾರಿಪುರದ ಪರಮಶಿವಪ್ಪ ಅಲ್ಲಿ ಮೇಷ್ಟರು. ಪಾಠ ಇಂಗ್ಲಿಷಿನಲ್ಲಿ, ಹಳ್ಳಿಯ ಹುಡುಗರಿಗೆ ಅರ್ಧ ತಲೆಗೆ ಹತ್ತುತ್ತಿರಲಿಲ್ಲ. ಹಾಗಾಗಿ ತರಗತಿ ಮುಗಿದ ಮೇಲೆ ಮೇಷ್ಟರು ಕನ್ನಡದಲ್ಲಿ ಟಿಪ್ಪಣಿ ಬರೆದು ತಂದು ಓದಿ ಹೇಳುವರು, ಕರುಣಾ ಟೈಪ್ ಮಾಡುವರು. ನಾಲ್ಕು ವರ್ಷ ಹೀಗೇ ನಡೆಯಿತು. ಆಮೇಲೆ ಹುದ್ದೆ ರದ್ದಾಯಿತು, ಕರುಣಾ ಊರಿಗೆ ಬಂದರು. ಕೆಲವು ವರ್ಷಗಳಲ್ಲಿ ಮೇಷ್ಟರೂ ಕೆಲಸ ಬಿಟ್ಟು ರಾಜಕೀಯಕ್ಕೆ ಇಳಿದರು. ಈಗ ಅವರು ಪಕ್ಷದ ದೊಡ್ಡ ಮುಖಂಡರು, ಸೊರಬ, ಶಿಕಾರಿಪುರ ಎರಡೂ ಊರಿನ ಸಂತೆ, ಅಂಗಡಿ ಸಾಲು ನೋಡಿಕೊಳ್ಳುವ ಸುಧಾರಣಾ ಸಮಿತಿಯ ಅಧ್ಯಕ್ಷರು.

ಕಳೆದ ಮಾರ್ಚಿನಲ್ಲಿ ಅವರ ಆಪ್ತ ಸಹಾಯಕ ಹೇಮಂತ್ ಒಂದು ಕರಡು ತಂದುಕೊಟ್ಟರು. ಬಸ್ ನಿಲ್ದಾಣದ ಪಕ್ಕ ಹೂವು, ತರಕಾರಿ ಮಾರುವ ಹದಿಮೂರು ಹೆಂಗಸರು ಏಳು ದಿನದೊಳಗೆ ಜಾಗ ತೆರವು ಮಾಡತಕ್ಕದ್ದು. ಕಾರಣ ಇರಲಿಲ್ಲ. ಬಲಕ್ಕೆ ವಾಲಿದ ಆ ಕೈಬರಹ ಮೇಷ್ಟರದ್ದೇ ಎಂದು ಕರುಣಾರಿಗೆ ನೋಡಿದ ಕೂಡಲೇ ಗೊತ್ತಾಯಿತು. "ಎರಡು ಸಲ ಓದಿದೆ. ಅಕ್ಷರ ಅವರದ್ದು, ಮಾತು ಅವರದ್ದಲ್ಲ ಅನ್ನಿಸ್ತು. ಆದ್ರೂ ಹೊಡ್ದೆ."

ಎರಡು ದಿನ ಕಳೆಯುವಷ್ಟರಲ್ಲಿ ಅದೇ ನೋಟಿಸು ಹಿಡಿದುಕೊಂಡು ಹೂವಿನ ಹುಲಿಗೆಮ್ಮ ಬಂದರು. "ಅಕ್ಕಾ, ಇಪ್ಪತ್ತು ವರ್ಷ ಆತು ಅಲ್ಲಿ ಕೂರಾಕೆ ಹತ್ತಿ. ಒಂದು ಮಾತು ಕೇಳ್ಲಿಲ್ಲ. ಏನಾರ ಬರ್ದು ಕೊಡು."

ಹುಲಿಗೆಮ್ಮ ಹೇಳಿದ್ದನ್ನೆಲ್ಲ ಟೈಪ್ ಮಾಡಿದ ಮೇಲೆ ಕರುಣಾ ಕೈ ನಿಲ್ಲಿಸಿ ಕೂತರು. ಎಷ್ಟೋ ಸಲ ಟೈಪ್ ಮಾಡಿದ ಒಂದು ಸಾಲು ನಾಲಿಗೆ ತುದಿಗೆ ಬಂದಿತ್ತು. ಸೇರಿಸಲಾ ಎಂದು ಹುಲಿಗೆಮ್ಮನನ್ನೇ ಕೇಳಿದರು, ಸೇರಿಸಿದರು: "ಯಾರದೇ ಜಾಗ ಬಿಡಿಸುವ ಮೊದಲು ಅವರ ಮಾತನ್ನು ಕೇಳಬೇಕು. ಕೇಳದೆ ಕೊಟ್ಟ ಆದೇಶ ಸರಿಯಿದ್ದರೂ ನ್ಯಾಯವಲ್ಲ."

ಅರ್ಜಿ ಕೊಡಲು ಹೆಂಗಸರು ಶಿಕಾರಿಪುರಕ್ಕೆ ಹೊರಟಾಗ ಕರುಣಾ ಮಳಿಗೆಗೆ ಬೀಗ ಹಾಕಿ ಅದೇ ಬಸ್ಸು ಹತ್ತಿದರು. ಸಮಿತಿಯ ಕಚೇರಿಯಲ್ಲಿ ಪರಮಶಿವಪ್ಪ ಅರ್ಜಿ ಓದುತ್ತಾ ಹೋಗಿ ಒಂದು ಕಡೆ ತಡೆದರು.

"ಈ ಸಾಲು ಯಾರು ಬರೆದದ್ದು?"

"ಟೈಪ್ ಮಾಡಿದ್ದು ನಾನು ಸರ್. ಹೇಳಿದ್ದು ನೀವು," ಎಂದರು ಕರುಣಾ.

ಅವರು ಕನ್ನಡಕ ತೆಗೆದು ನೋಡಿದರು. ಗುರುತು ಹತ್ತಲು ಸ್ವಲ್ಪ ಹೊತ್ತು ಬೇಕಾಯಿತು. "ಪಾಠ ಬೇರೆ, ಆಡಳಿತ ಬೇರೆ ಕಣಮ್ಮ," ಎಂದವರು, ದನಿ ತಗ್ಗಿಸಿ, "ನೋಟಿಸ್ ಟೈಪ್ ಮಾಡಿದ್ದೂ ನೀನೇ ಅಲ್ವಾ? ಅವತ್ತೇ ಯಾಕೆ ಹೇಳಲಿಲ್ಲ?" ಎಂದು ಕೇಳಿದರು.

ಕರುಣಾ ಹೆಂಗಸರ ಜೊತೆ ವಾಪಸ್ ಬಸ್ಸು ಹತ್ತಿದರು. ಆ ಪ್ರಶ್ನೆ ಇವತ್ತಿಗೂ ಅವರನ್ನು ಬಿಟ್ಟಿಲ್ಲ. "ಬೈದ್ರೋ, ನಿಜವಾಗ್ಲೂ ಕೇಳಿದ್ರೋ ತಿಳೀಲಿಲ್ಲ ನೋಡ್ರೀ. ನಾನು ಹೇಳ್ಬೇಕಿತ್ತಾ? ಹೇಳಿದ್ರೆ ಕೇಳ್ತಿದ್ರಾ? ವಾಪಸ್ ಬರೋವಾಗ ದಾರಿ ಉದ್ದಕ್ಕೂ ಅದೇ."

ಸಮಿತಿ ತೆರವು ತಡೆಹಿಡಿಯಿತು, ಹತ್ತು ದಿನದ ಮೇಲೆ ಸೊರಬದಲ್ಲೇ ವಿಚಾರಣೆ ನಡೆಯಿತು. ಚರಂಡಿ ಅಗಲ ಮಾಡಬೇಕಿದೆ, ಅದಕ್ಕೇ ನೋಟಿಸು ಎಂಬುದು ಹೆಂಗಸರಿಗೆ ತಿಳಿದದ್ದೇ ಅವತ್ತು. "ಅಷ್ಟೇಯಾ? ನಾಕು ಮಾರು ಹಿಂದಕ್ಕೆ ಕೂರ್ತೀವಿ ಬಿಡ್ರೀ," ಎಂದರು ಹುಲಿಗೆಮ್ಮ. ನೋಟಿಸು ವಾಪಸಾಯಿತು. ಹದಿಮೂರು ಮಂದಿಯೂ ಅಲ್ಲೇ ಇದ್ದಾರೆ.

ಹೇಮಂತ್ ಈಗಲೂ ಕರಡು ತರುತ್ತಾರೆ. ವಿಚಾರಣೆಯಾದ ಮೇಲೆ ಮೊದಲ ಸಲ ಬಂದಾಗ, "ಟೈಪ್ ಮಾಡೋಕ್ ಮುಂಚೆ ನೀವೊಮ್ಮೆ ಓದಿ ನೋಡ್ಬೇಕಂತೆ, ಸರ್ ಹೇಳಿದಾರೆ," ಎಂದರಂತೆ. ಅದು ನಂಬಿಕೆಯೋ ಕುಹಕವೋ ಕರುಣಾರಿಗೆ ಬಗೆಹರಿದಿಲ್ಲ. ಓದುತ್ತಾರೆ, ಅನುಮಾನ ಬಂದ ಕಡೆ ಪೆನ್ಸಿಲಿನಲ್ಲಿ ಸಣ್ಣ ಗೆರೆ ಎಳೆಯುತ್ತಾರೆ. ಕೆಲವು ತಿದ್ದಿ ಬರುತ್ತವೆ, ಕೆಲವು ಹಾಗೇ ಬರುತ್ತವೆ.

ಏನಾದರೂ ಆಸೆ ಉಳಿದಿದೆಯೇ ಎಂದರೆ ಮಣಿಕಟ್ಟಿನ ಪಟ್ಟಿ ಬಿಚ್ಚಿ ಸುತ್ತುತ್ತಾರೆ.

"ಅವರ ಪಾಠಾನ ನಾಲ್ಕು ವರ್ಷ ಟೈಪ್ ಮಾಡಿದೀನಿ. ಒಂದಿನಾನೂ ಕ್ಲಾಸಿನೊಳಗೆ ಕೂತಿಲ್ಲ. ಅವರು ಒಂದ್ಸಲ ಮತ್ತೆ ಪಾಠ ಮಾಡಿದ್ರೆ, ಹಿಂದಿನ ಬೆಂಚಲ್ಲಿ ಕೂತು ಕೇಳ್ಬೇಕು ಅಂತಿದೆ. ಕೊನೇಲಿ ಕೈ ಎತ್ತಿ ಒಂದು ಪ್ರಶ್ನೆ ಕೇಳ್ತೀನಿ."

ಯಾವ ಪ್ರಶ್ನೆ ಎಂದು ಹೇಳುವ ಮೊದಲೇ ಕುಬಟೂರಿನವರೊಬ್ಬರು ಬಾಗಿಲಿಗೆ ಬಂದರು. ಕರುಣಾ ಕುರ್ಚಿ ಮುಂದಕ್ಕೆ ಎಳೆದುಕೊಂಡರು. "ಕೂತ್ಕೊಳ್ರೀ. ಮೊದ್ಲು ಏನಾಯ್ತು ಅಂತ ಹೇಳಿ."